ರಾಕ್ ಅಂಡ್ ರೋಲ್ ಮೊದಲು ಬಂದದ್ದು ಟೀವಿಯಲ್ಲಲ್ಲ, ರೇಡಿಯೋದಲ್ಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಅಮೆರಿಕದ ರಾಕ್ ಅಂಡ್ ರೋಲ್ ಹಾಡುಗಾರ ಎಲ್ವಿಸ್ ಪ್ರೀಸ್ಲಿ ಬಗ್ಗೆ ಬಂದ ಲೇಖನ ಓದಿದೆ. ಬರೆದವರು ಚಿಕ್ಕ ವಯಸ್ಸಿನವರಿರಬೇಕು, ಉತ್ಸಾಹ ಇದೆ, ಓದಿಸಿಕೊಂಡು ಹೋಗುತ್ತದೆ. ಆದರೆ 1956ರಲ್ಲಿ ಈ ಮನುಷ್ಯ ಟೀವಿಯಲ್ಲಿ ಸೊಂಟ ಕುಣಿಸಿದ, ಒಂದೇ ರಾತ್ರಿಯಲ್ಲಿ ಇಡೀ ಅಮೆರಿಕ ರಾಕ್ ಅಂಡ್ ರೋಲ್‌ಗೆ ಮರುಳಾಯಿತು ಅಂತ ಬರೆದಿದ್ದಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಅಷ್ಟು ಹೇಳಿ ಬಿಟ್ಟಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಕೊನೆಯಲ್ಲಿ 'ಆಗಲೇ ಸಾಯುತ್ತಿದ್ದ ರೇಡಿಯೋ' ಅಂತ ಬೇರೆ ಸೇರಿಸಿದ್ದಾರೆ. ತೀರ್ಥಹಳ್ಳಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡೇ ಮಕ್ಕಳನ್ನು ಓದಿಸಿದವನು ನಾನು. ಇದನ್ನು ಓದಿ ಸುಮ್ನೆ ಇರೋಕೆ ಆಗಲಿಲ್ಲ.

ಅಮೆರಿಕಕ್ಕೆ ನಾನು ಹೋದವನಲ್ಲ. ರಾಕ್ ಅಂಡ್ ರೋಲ್ ಹಾಡುಗಳ ದೊಡ್ಡ ಅಭಿಮಾನಿಯೂ ಅಲ್ಲ, ನಮ್ಮನೆಯಲ್ಲಿ ಇವತ್ತಿಗೂ ಕಾಳಿಂಗರಾಯರ ಹಾಡೇ ಜಾಸ್ತಿ. ಆದರೆ ಆ ಹಾಡು ಊರೂರಿಗೆ ಹೇಗೆ ಮುಟ್ಟಿತು ಅನ್ನುವುದು ನನ್ನ ಕಸುಬಿನ ವಿಷಯ, ಅದನ್ನು ವರ್ಷಗಟ್ಟಲೆ ಹುಡುಕಿ ಓದಿದ್ದೇನೆ.

ಮೊದಲು ಟೀವಿ ವಿಷಯ ಮುಗಿಸಿಬಿಡೋಣ. ಎಲ್ವಿಸ್ ಮೊದಲ ಸಲ ರಾಷ್ಟ್ರೀಯ ಟೀವಿಯಲ್ಲಿ ಕಾಣಿಸಿಕೊಂಡದ್ದು 1956ರ ಜನವರಿಯಲ್ಲಿ. ಇಡೀ ದೇಶ ನೋಡುತ್ತಿದ್ದ ಎಡ್ ಸಲಿವನ್ ಅವರ ಟೀವಿ ಕಾರ್ಯಕ್ರಮಕ್ಕೆ ಬಂದದ್ದು ಅದೇ ವರ್ಷ ಸೆಪ್ಟೆಂಬರಿನಲ್ಲಿ. ಅವನ ಮೊದಲ ರೆಕಾರ್ಡು ಹೊರಬಂದದ್ದು 1954ರ ಜುಲೈನಲ್ಲಿ. ನಡುವಿನ ಒಂದೂವರೆ ವರ್ಷ ಅವನ ಹೆಸರು ದಕ್ಷಿಣದ ರಾಜ್ಯಗಳಲ್ಲೆಲ್ಲ ಓಡಾಡಿತಲ್ಲ, ಅದು ಯಾವುದರ ಮೇಲೆ? ರೇಡಿಯೋ ಮೇಲೆ, ಮತ್ತೆ ಅವನೇ ಕಾರಿನಲ್ಲಿ ಊರೂರು ಸುತ್ತಿ ಕೊಟ್ಟ ಕಾರ್ಯಕ್ರಮಗಳ ಮೇಲೆ. ಟೀವಿ ಬಂದದ್ದು ಊಟ ಮುಗಿಯುವ ಹೊತ್ತಿಗೆ.

ಟೀವಿಯಿಂದ ಒಂದು ಉಪಕಾರ ಆಯಿತು, ಅದನ್ನು ಮಾತ್ರ ಒಪ್ಪುತ್ತೇನೆ. ಎರಡನೇ ಮಹಾಯುದ್ಧದವರೆಗೆ ಅಮೆರಿಕದ ರೇಡಿಯೋ ಅಂದರೆ ನ್ಯೂಯಾರ್ಕಿನಿಂದ ಬರುವ ನಾಟಕ, ಹಾಸ್ಯ, ದೊಡ್ಡ ವಾದ್ಯಗೋಷ್ಠಿ. ಊರಿನ ಸ್ಟೇಷನ್ನುಗಳು ಸಂಜೆಯೆಲ್ಲ ಅದನ್ನೇ ರಿಲೇ ಮಾಡುತ್ತಿದ್ದವು. ಟೀವಿ ಬಂದ ಮೇಲೆ ನಾಟಕದವರು, ಹಾಸ್ಯಗಾರರು, ದೊಡ್ಡ ಸೋಪು ಕಂಪನಿಗಳ ಜಾಹೀರಾತು ಎಲ್ಲವೂ ಅತ್ತ ಹೋದವು. ಇತ್ತ ಯುದ್ಧ ಮುಗಿದ ಮೇಲೆ ಅಲ್ಲಿನ ಸರ್ಕಾರ ಸಣ್ಣ ಸಣ್ಣ ಊರುಗಳಿಗೂ ಲೈಸೆನ್ಸು ಕೊಡುತ್ತ ಹೋಯಿತು. 1945ರಿಂದ 1950ರೊಳಗೆ ಸ್ಟೇಷನ್ನುಗಳ ಸಂಖ್ಯೆ ಎರಡು ಪಟ್ಟಿಗೂ ಮೀರಿತು. ಎಷ್ಟೋ ಸ್ಟೇಷನ್ನುಗಳಿಗೆ ಬರೀ 250 ವ್ಯಾಟ್ ಶಕ್ತಿ. ಕೆಲವಕ್ಕೆ ಸೂರ್ಯ ಮುಳುಗಿದ ಕೂಡಲೇ ಬಾಗಿಲು ಹಾಕಬೇಕು ಅನ್ನುವ ನಿಯಮ. ಇಂಥವರ ಹತ್ತಿರ ನಾಟಕ ಮಾಡಿಸೋಕೆ ದುಡ್ಡೆಲ್ಲಿ? ಒಂದು ಟರ್ನ್‌ಟೇಬಲ್, ಒಂದಿಷ್ಟು ರೆಕಾರ್ಡು, ಮಾತು ಬಲ್ಲ ಒಬ್ಬ ಮನುಷ್ಯ, ಊರಿನ ಅಂಗಡಿಯವರ ಜಾಹೀರಾತು. ಇಷ್ಟರಲ್ಲೇ ಬದುಕಬೇಕಿತ್ತು. ಹಾಗಾಗಿ ದೊಡ್ಡ ಸ್ಟೇಷನ್ನು ಮುಟ್ಟದ ಹಾಡುಗಳನ್ನೆಲ್ಲ ಇವರು ಮುಟ್ಟಿದರು.

ಇದಕ್ಕೆ ಬೇರು ಇನ್ನೂ ಹಿಂದಿದೆ. ಮಿಸಿಸಿಪ್ಪಿ ನದಿಯ ದಡದಲ್ಲಿ, ಆರ್ಕನ್ಸಾ ರಾಜ್ಯದಲ್ಲಿ, ಹೆಲೆನಾ ಅಂತ ಒಂದು ಸಣ್ಣ ಊರು. ಅಲ್ಲಿ 1941ರ ನವೆಂಬರಿನಲ್ಲಿ ಕೆಎಫ್‌ಎಫ್‌ಎ ಸ್ಟೇಷನ್ನಿನಲ್ಲಿ ಒಂದು ಮಧ್ಯಾಹ್ನದ ಕಾರ್ಯಕ್ರಮ ಶುರುವಾಯಿತು. ದುಡ್ಡು ಕೊಟ್ಟದ್ದು ಊರಿನ ದಿನಸಿ ಸಗಟು ವ್ಯಾಪಾರಿ. ಅವನಿಗೆ ಕಿಂಗ್ ಬಿಸ್ಕಿಟ್ ಅನ್ನುವ ಹಿಟ್ಟು ಮಾರಬೇಕಿತ್ತು. ಹಾರ್ಮೋನಿಕಾ ಊದುವ ಸನ್ನಿ ಬಾಯ್ ವಿಲಿಯಮ್ಸನ್ ಮತ್ತು ಗಿಟಾರಿನ ರಾಬರ್ಟ್ ಲಾಕ್‌ವುಡ್, ಇಬ್ಬರೂ ಕಪ್ಪು ಜನ, ದಿನಾ 12.15ಕ್ಕೆ ಮೈಕಿನ ಮುಂದೆ ಕೂತು ಬ್ಲೂಸ್, ಅಂದರೆ ದಕ್ಷಿಣದ ಕಪ್ಪು ಜನರ ನೋವು ನಲಿವಿನ ಹಾಡು, ಹಾಡುತ್ತಿದ್ದರು. ಹತ್ತಿ ಹೊಲದ ಕೂಲಿಗಳು ಊಟಕ್ಕೆ ಬರುವ ಹೊತ್ತು ಅದು. ಹೊತ್ತನ್ನು ಲೆಕ್ಕ ಹಾಕಿಯೇ ಇಟ್ಟದ್ದು. ಹಿಟ್ಟು ಎಷ್ಟು ಖರ್ಚಾಯಿತು ಅಂದರೆ ಆಮೇಲೆ ಸನ್ನಿ ಬಾಯ್ ಚಿತ್ರ ಹಾಕಿ ಜೋಳದ ಹಿಟ್ಟನ್ನೂ ಮಾರಿದರು. ನದಿಯ ಆಚೆ ಕಡೆ, ಮಿಸಿಸಿಪ್ಪಿ ರಾಜ್ಯದ ಹೊಲದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ ಊಟದ ಹೊತ್ತಿಗೆ ಓಡಿ ಬಂದು ಇದನ್ನು ಕೇಳುತ್ತಿದ್ದ. ಅವನೇ ಮುಂದೆ ಹೆಸರಾಂತ ಬ್ಲೂಸ್ ಹಾಡುಗಾರ ಬಿ.ಬಿ. ಕಿಂಗ್ ಆದ.

ಅದಿನ್ನೂ ರಾಕ್ ಅಂಡ್ ರೋಲ್ ಅಲ್ಲ, ಗೊತ್ತು. ಆದರೆ ಕಪ್ಪು ಜನರ ಹಾಡು ಹಾಕಿದರೆ ಸಾಮಾನು ಮಾರಾಟ ಆಗುತ್ತದೆ ಅಂತ ವ್ಯಾಪಾರಿಗೆ ಗೊತ್ತಾಯಿತಲ್ಲ, ಉಳಿದದ್ದೆಲ್ಲ ಅಲ್ಲಿಂದಲೇ ಬಂತು. ಕಲೆಯ ಮೇಲಿನ ಪ್ರೀತಿಯಿಂದ ಯಾರೂ ಬಾಗಿಲು ತೆಗೆದಿರಲಿಲ್ಲ.

ಟೆನೆಸ್ಸೀ ರಾಜ್ಯದ ಮೆಂಫಿಸ್ ಊರಿನಲ್ಲೂ ಅದೇ ಕಥೆ. ಡಬ್ಲ್ಯುಡಿಐಎ ಅನ್ನುವ ಸ್ಟೇಷನ್ನು 1947ರಲ್ಲಿ ಶುರುವಾಯಿತು. ಮಾಲೀಕರಿಬ್ಬರೂ ಬಿಳಿಯರು. ಎಲ್ಲರೂ ಹಾಕುವ ಹಾಡನ್ನೇ ಹಾಕಿದರು, ನಷ್ಟವಾಯಿತು. ಮುಚ್ಚುವ ಪರಿಸ್ಥಿತಿ ಬಂದಾಗ ಊರಿನ ಜನರಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಕಪ್ಪು ಜನ ಇದ್ದಾರೆ, ಅವರಿಗಾಗಿ ಒಂದು ಸ್ಟೇಷನ್ನೂ ಇಲ್ಲ ಅನ್ನುವುದು ಹೊಳೆಯಿತು. 1948ರ ಅಕ್ಟೋಬರಿನಲ್ಲಿ ನ್ಯಾಟ್ ಡಿ. ವಿಲಿಯಮ್ಸ್ ಅನ್ನುವವರನ್ನು ಮೈಕಿನ ಮುಂದೆ ಕೂರಿಸಿದರು. ಅವರು ಹೈಸ್ಕೂಲು ಮೇಷ್ಟ್ರು, ಪತ್ರಿಕೆಗೆ ಅಂಕಣವನ್ನೂ ಬರೆಯುತ್ತಿದ್ದವರು. ಬೆಳಗ್ಗೆ ಪಾಠ, ಸಂಜೆ ರೇಡಿಯೋ. ಬೆದರಿಕೆಗಳು ಬಂದವು. ಜಾಹೀರಾತೂ ಬಂತು. ಒಂದೆರಡು ವರ್ಷದಲ್ಲಿ ಇಡೀ ಸ್ಟೇಷನ್ನು ಕಪ್ಪು ಕೇಳುಗರಿಗಾಗಿಯೇ ನಡೆಯತೊಡಗಿತು. ಆ ಬಿ.ಬಿ. ಕಿಂಗ್ ಗಿಟಾರ್ ಹಿಡಿದು ಕೆಲಸ ಕೇಳಿಕೊಂಡು ಬಂದದ್ದು ಇಲ್ಲಿಗೇ. ಮೊದಲು ಸಿಕ್ಕಿದ ಕೆಲಸ ಪೆಪ್ಟಿಕಾನ್ ಅನ್ನುವ ಟಾನಿಕ್ಕಿಗೆ ಹಾಡು ಕಟ್ಟಿ ಹಾಡುವುದು! 1954ರಲ್ಲಿ ಈ ಸ್ಟೇಷನ್ನಿಗೆ 50,000 ವ್ಯಾಟ್ ಸಿಕ್ಕಿತು. ಶುರು ಮಾಡಿದಾಗ ಇದ್ದದ್ದು 250.

ಸ್ಟೇಷನ್ನು ಕಪ್ಪು ಜನರಿಗಾಗಿ ಇತ್ತು ನಿಜ, ಆದರೆ ಅಲೆಗೆ ಯಾರ ಮನೆ ಹೊಗಬೇಕು, ಯಾರ ಮನೆ ಬಿಡಬೇಕು ಅಂತ ಗೊತ್ತಾಗುತ್ತದಾ? ಬಸ್ಸಿನಲ್ಲಿ ಬೇರೆ ಸೀಟು, ಶಾಲೆ ಬೇರೆ, ನೀರಿನ ನಲ್ಲಿ ಬೇರೆ ಇದ್ದ ಊರಿನಲ್ಲಿ ಬಿಳಿಯರ ಮಕ್ಕಳು ಕೋಣೆಯ ಬಾಗಿಲು ಹಾಕಿಕೊಂಡು ಅದೇ ಸ್ಟೇಷನ್ನು ಕೇಳುತ್ತಿದ್ದರು. ಕಪ್ಪು ಜನರ ಹಾಡಿನ ಸಭೆಗೆ ಹೋದರೆ ಯಾರಾದರೂ ನೋಡಿ ಅಪ್ಪನಿಗೆ ಹೇಳಿಯಾರು. ರೇಡಿಯೋ ಕೇಳಿದರೆ ಯಾರು ನೋಡುತ್ತಾರೆ?

ಈಗ ಎಲ್ವಿಸ್ ವಿಷಯಕ್ಕೆ ಬರುತ್ತೇನೆ, ನಿಮ್ಮ ಲೇಖನದಲ್ಲಿ ಬಿಟ್ಟುಹೋದದ್ದು ಇದೇ. ಅದೇ ಮೆಂಫಿಸ್‌ನಲ್ಲಿ ಡಬ್ಲ್ಯುಎಚ್‌ಬಿಕ್ಯೂ ಅಂತ ಇನ್ನೊಂದು ಸ್ಟೇಷನ್ನು, ಚಿಸ್ಕಾ ಅನ್ನುವ ಹೋಟೆಲಿನ ಒಳಗೆ. ಅಲ್ಲಿ ರಾತ್ರಿ ಹೊತ್ತು ಡ್ಯೂಯಿ ಫಿಲಿಪ್ಸ್ ಅನ್ನುವ ಬಿಳಿಯ. ಮುಂಚೆ ಅಂಗಡಿಯೊಂದರಲ್ಲಿ ರೆಕಾರ್ಡು ಮಾರುತ್ತಿದ್ದವನು. ರೇಡಿಯೋದವರು ಹೇಗೆ ಮಾತಾಡಬೇಕು ಅಂತ ಯಾರೂ ಅವನಿಗೆ ಕಲಿಸಿರಲಿಲ್ಲ, ಅದೇ ಒಳ್ಳೆಯದಾಯಿತು. ಹಾಡಿನ ಮಧ್ಯದಲ್ಲೇ ಬಾಯಿ ಹಾಕುತ್ತಿದ್ದ, ಜಾಹೀರಾತು ಓದೋಕೆ ಹೋಗಿ ಇನ್ನೇನೋ ಹೇಳಿ, ಅಂಗಡಿಗೆ ಹೋದರೆ 'ಫಿಲಿಪ್ಸ್ ಕಳಿಸಿದ ಅಂತ ಹೇಳಿ' ಅಂತ ಮುಗಿಸುತ್ತಿದ್ದ. ಕಪ್ಪು ಜನರ ಹಾಡು, ಬಿಳಿಯರ ಹಾಡು ಅಂತ ನೋಡದೆ ಹಾಕುತ್ತಿದ್ದ. ಎರಡೂ ಕಡೆಯವರು ಕೇಳುತ್ತಿದ್ದರು.

1954ರ ಜುಲೈ 5ರ ರಾತ್ರಿ ಸ್ಯಾಮ್ ಫಿಲಿಪ್ಸ್ ಅವರ ಸನ್ ಸ್ಟುಡಿಯೋದಲ್ಲಿ ಎಲ್ವಿಸ್ ಒಂದು ಹಾಡು ಹಾಡಿದ. ಈ ಸ್ಯಾಮ್ ಮತ್ತು ಡ್ಯೂಯಿ ಸಂಬಂಧಿಕರಲ್ಲ, ಹೆಸರು ಮಾತ್ರ ಒಂದೇ. ಸ್ಯಾಮ್ ಕೂಡ ರೇಡಿಯೋ ಸ್ಟೇಷನ್ನಿನಲ್ಲಿ ಎಂಜಿನಿಯರಾಗಿ ದುಡಿದವರೇ, ಗಮನಿಸಿ. ಎಲ್ವಿಸ್ ಆಗ ಎಲೆಕ್ಟ್ರಿಕ್ ಕಂಪನಿಯೊಂದರ ಲಾರಿ ಓಡಿಸುತ್ತಿದ್ದ ಹುಡುಗ. ಹಾಡಿದ್ದು ಆರ್ಥರ್ ಕ್ರೂಡಪ್ ಅನ್ನುವ ಕಪ್ಪು ಹಾಡುಗಾರರ ಹಳೆಯ ಬ್ಲೂಸ್. ರೆಕಾರ್ಡು ಅಂಗಡಿಗೆ ಬರುವ ಮುಂಚೆಯೇ ಸ್ಯಾಮ್ ಒಂದು ಪ್ರತಿಯನ್ನು ಡ್ಯೂಯಿ ಕೈಗೆ ಕೊಟ್ಟರು. ಒಂದೆರಡು ದಿನದಲ್ಲಿ ಡ್ಯೂಯಿ ಅದನ್ನು ಹಾಕಿದ. ಫೋನು ಬಡಿದುಕೊಳ್ಳತೊಡಗಿತು. ಮತ್ತೆ ಹಾಕಿದ, ಮತ್ತೆ ಮತ್ತೆ ಹಾಕಿದ. ಹಾಡಿದ ಹುಡುಗ ಎಲ್ಲಿ? ನಾಚಿಕೆಗೋ ಹೆದರಿಕೆಗೋ ಸಿನಿಮಾ ಟಾಕೀಸಿನಲ್ಲಿ ಹೋಗಿ ಕೂತಿದ್ದ. ಅಪ್ಪ ಅಮ್ಮ ಹೋಗಿ ಕತ್ತಲಲ್ಲಿ ಹುಡುಕಿ ಸ್ಟೇಷನ್ನಿಗೆ ಕಳಿಸಿದರು.

ಡ್ಯೂಯಿ ಅವನ ಹತ್ತಿರ ಮಾತಾಡುತ್ತ ಯಾವ ಹೈಸ್ಕೂಲಿನಲ್ಲಿ ಓದಿದ್ದು ಅಂತ ಕೇಳಿದ. ಹ್ಯೂಮ್ಸ್ ಅಂದ ಹುಡುಗ. ಅಷ್ಟೇ. ಇಡೀ ಊರಿಗೆ ಅರ್ಥವಾಯಿತು, ಯಾಕೆಂದರೆ ಹ್ಯೂಮ್ಸ್ ಬಿಳಿಯರ ಶಾಲೆ. ಅಲ್ಲಿಯವರೆಗೆ ಫೋನು ಮಾಡಿದವರಲ್ಲಿ ಎಷ್ಟೋ ಜನ ಹಾಡಿದವನು ಕಪ್ಪು ಮನುಷ್ಯ ಅಂದುಕೊಂಡಿದ್ದರು. 'ನೀನು ಯಾವ ಬಣ್ಣ' ಅಂತ ರೇಡಿಯೋದಲ್ಲಿ ಕೇಳೋಕಾಗಲ್ಲ, ಶಾಲೆ ಕೇಳಿದರೆ ಸಾಕು. ನಮ್ಮ ಕಡೆ ಹೊಸಬರು ಬಂದರೆ 'ಯಾವ ಊರು, ಯಾರ ಪೈಕಿ' ಅಂತ ಕೇಳಿ ಜಾತಿ ತಿಳಿದುಕೊಳ್ಳುವವರು ಇವತ್ತಿಗೂ ಇದ್ದಾರಲ್ಲ, ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಗಳಲ್ಲಿ ಬಣ್ಣದ ಪಂಕ್ತಿಭೇದ ಸಂವಿಧಾನಕ್ಕೆ ವಿರುದ್ಧ ಅಂತ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟದ್ದು ಅದೇ ವರ್ಷದ ಮೇ 17ಕ್ಕೆ, ಅಂದರೆ ಈ ಸಂದರ್ಶನಕ್ಕೆ ಎರಡು ತಿಂಗಳಿಗೂ ಕಡಿಮೆ ಮುಂಚೆ.

ಆ ರೆಕಾರ್ಡಿನ ಒಂದು ಮಗ್ಗುಲಲ್ಲಿ ಕಪ್ಪು ಜನರ ಬ್ಲೂಸ್, ಇನ್ನೊಂದು ಮಗ್ಗುಲಲ್ಲಿ ಬಿಳಿಯರ ಹಳ್ಳಿ ಹಾಡು. ಬೇರೆ ಊರಿನ ಸ್ಟೇಷನ್ನಿಗೆ ಸ್ಯಾಮ್ ತೆಗೆದುಕೊಂಡು ಹೋದರೆ ಹಳ್ಳಿ ಹಾಡಿನವರು ಇದು ಕಪ್ಪು ಹಾಡು ಅಂದರು, ಕಪ್ಪು ಹಾಡಿನವರು ಇದು ಹಳ್ಳಿ ಹಾಡು ಅಂದರು. ನ್ಯಾಶ್‌ವಿಲ್‌ನ ದೊಡ್ಡ ಶನಿವಾರದ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿಯಲ್ಲಿ ಎಲ್ವಿಸ್ ಅಕ್ಟೋಬರಿನಲ್ಲಿ ಒಂದೇ ಸಲ ಹಾಡಿದ, ಮತ್ತೆ ಕರೆಯಲಿಲ್ಲ. ಅದೇ ತಿಂಗಳು ಲೂಸಿಯಾನಾದ ಶ್ರೀವ್‌ಪೋರ್ಟ್ ಊರಿನವರು ಕರೆದರು. ಅಲ್ಲಿನ ಕೆಡಬ್ಲ್ಯುಕೆಎಚ್ ಸ್ಟೇಷನ್ನಿನ ಲೂಸಿಯಾನಾ ಹೇರೈಡ್ ಅನ್ನುವ ಶನಿವಾರದ ಕಾರ್ಯಕ್ರಮದಲ್ಲಿ ಹಾಡಿದ, ಒಂದು ವರ್ಷದ ಕರಾರೂ ಆಯಿತು. 50,000 ವ್ಯಾಟಿನ ಸ್ಟೇಷನ್ನು ಅದು. ಟೀವಿಗೆ ಬರುವ ಮುಂಚೆ ಅವನ ದನಿ ಟೆಕ್ಸಸ್, ಆರ್ಕನ್ಸಾ, ಮಿಸಿಸಿಪ್ಪಿಯ ಹಳ್ಳಿಗಳಿಗೆ ಮುಟ್ಟಿದ್ದರಲ್ಲಿ ಇದರ ಪಾಲು ದೊಡ್ಡದು.

ದನಿಯಲ್ಲಿ ಬಣ್ಣ ಕಾಣುವುದಿಲ್ಲ ಅಂತ ಇದನ್ನು ಸುಂದರವಾಗಿ ಹೇಳಿ ಬಿಡಬಾರದು, ಅದಕ್ಕೆ ಇನ್ನೊಂದು ಮುಖವೂ ಇದೆ. ನ್ಯೂ ಆರ್ಲಿಯನ್ಸ್‌ನಲ್ಲಿ ವರ್ನನ್ ವಿನ್ಸ್‌ಲೋ ಅಂತ ಒಬ್ಬರು ಕಪ್ಪು ಮೇಷ್ಟ್ರು, ಕಾಲೇಜಿನಲ್ಲಿ ಕಲೆ ಕಲಿಸುತ್ತಿದ್ದವರು. 1940ರ ದಶಕದ ಕೊನೆಗೆ ಅಲ್ಲಿನ ಡಬ್ಲ್ಯುಜೆಎಂಆರ್ ಸ್ಟೇಷನ್ನಿನಲ್ಲಿ ಕೆಲಸ ಕೇಳಿದರು. ಕಪ್ಪು ಮನುಷ್ಯ ಮೈಕಿನಲ್ಲಿ ಮಾತಾಡುವ ಹಾಗಿಲ್ಲ ಅಂದರು. ಆದರೆ ಕಪ್ಪು ಜನರ ಹಾಗೆ ಮಾತಾಡೋದನ್ನು ಬಿಳಿಯರಿಗೆ ಕಲಿಸಿ, ಮಾತು ಬರೆದು ಕೊಡಿ ಅಂದರು! ಅವರು ಪಾಪ್ಪಾ ಸ್ಟಾಪ್ಪಾ ಅನ್ನುವ ಒಂದು ಪಾತ್ರ ಕಟ್ಟಿಕೊಟ್ಟರು, ಬಿಳಿಯ ಉದ್ಘೋಷಕ ಆ ಹೆಸರಿನಲ್ಲಿ ಮಾತಾಡಿ ಹೆಸರು ಮಾಡಿದ. ಒಂದು ರಾತ್ರಿ ತಾವೇ ಬರೆದ ಮಾತನ್ನು ತಾವೇ ಮೈಕಿನಲ್ಲಿ ಓದಿದ್ದಕ್ಕೆ ವಿನ್ಸ್‌ಲೋ ಕೆಲಸ ಹೋಯಿತು. 1949ರಲ್ಲಿ ಒಂದು ಬಿಯರ್ ಕಂಪನಿ ಅವರನ್ನು ಕರೆದು ಡಾಕ್ಟರ್ ಡ್ಯಾಡಿ-ಓ ಅಂತ ಸ್ವಂತ ಕಾರ್ಯಕ್ರಮ ಕೊಟ್ಟಿತು. ಇಲ್ಲೂ ವ್ಯಾಪಾರಿಯೇ ಬಾಗಿಲು ತೆಗೆದದ್ದು, ನೋಡಿ.

ಕ್ಲೀವ್‌ಲ್ಯಾಂಡ್‌ನ ರೇಡಿಯೋ ಉದ್ಘೋಷಕ ಅಲನ್ ಫ್ರೀಡ್ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲು ಇದೆ, ಅವನೇ ಎಲ್ಲ ಶುರು ಮಾಡಿದ ಅನ್ನುವ ಹಾಗೆ. ಅವನಿಗೆ ಈ ದಾರಿ ತೋರಿಸಿದ್ದು ಲಿಯೋ ಮಿಂಟ್ಜ್ ಅನ್ನುವ ರೆಕಾರ್ಡು ಅಂಗಡಿಯವರು. ಬಿಳಿಯ ಹುಡುಗರು ಬಂದು ಕಪ್ಪು ಜನರ ರೆಕಾರ್ಡು ಕೊಳ್ಳುವುದನ್ನು ಅವರು ತಮ್ಮ ಕೌಂಟರಿನಲ್ಲೇ ನೋಡಿದ್ದರು. 1951ರಲ್ಲಿ ಡಬ್ಲ್ಯುಜೆಡಬ್ಲ್ಯು ಸ್ಟೇಷನ್ನಿನಲ್ಲಿ ಫ್ರೀಡ್ ರಾತ್ರಿ ಕಾರ್ಯಕ್ರಮ ಶುರು ಮಾಡಿದ. 1952ರ ಮಾರ್ಚ್ 21ಕ್ಕೆ ಊರಿನ ಅರೀನಾದಲ್ಲಿ ನೃತ್ಯದ ಕಾರ್ಯಕ್ರಮ ಇಟ್ಟ. ಜಾಗ ಇದ್ದದ್ದು 10,000 ಜನಕ್ಕೆ, ಬಂದದ್ದು ಹೆಚ್ಚುಕಮ್ಮಿ ಅದರ ಎರಡರಷ್ಟು. ಬಾಗಿಲು ಮುರಿಯಿತು, ಪೊಲೀಸರು ಬಂದು ನಿಲ್ಲಿಸಿದರು. ಅಷ್ಟು ಜನರನ್ನು ಎಳೆದು ತಂದದ್ದು ರಾತ್ರಿಯ ಆ ರೇಡಿಯೋ ಮಾತು. ಆಗಿನ್ನೂ ಎಲ್ವಿಸ್ ಶಾಲೆಯಲ್ಲಿದ್ದ.

ಇನ್ನು ನನಗೆ ತುಂಬ ಇಷ್ಟವಾದ ಭಾಗ, ರಾತ್ರಿ ರೇಡಿಯೋ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಸಹಿಸಿಕೊಳ್ಳಿ. ಮೀಡಿಯಂ ವೇವ್ ಅಲೆ ಹಗಲು ಹೊತ್ತು ನೆಲ ಹಿಡಿದುಕೊಂಡು ಹೋಗುತ್ತದೆ. ಮೇಲಕ್ಕೆ ಹೋದದ್ದನ್ನು ಸೂರ್ಯನ ಬಿಸಿಲಿಗೆ ಹುಟ್ಟುವ ಒಂದು ಪದರ ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಇಲ್ಲವಾಗುತ್ತದೆ, ಅಲೆ ಇನ್ನೂ ಮೇಲಿನ ಪದರಕ್ಕೆ ತಾಗಿ ನೂರಾರು ಕಿಲೋಮೀಟರ್ ದೂರದಲ್ಲಿ ಕೆಳಗಿಳಿಯುತ್ತದೆ. ಮಲೆನಾಡಿನ ಹಳಬರಿಗೆ ಇದು ಗೊತ್ತು. ಹಗಲಲ್ಲಿ ಭದ್ರಾವತಿ ಆಕಾಶವಾಣಿ ಬಿಟ್ಟು ಬೇರೆ ಸಿಗದ ಸೆಟ್ಟಿನಲ್ಲಿ ಕತ್ತಲಾದ ಮೇಲೆ ಯಾವ ಯಾವ ಭಾಷೆಯೋ ಬರುತ್ತಿತ್ತು, ಏರುತ್ತ ಇಳಿಯುತ್ತ.

ಅಮೆರಿಕದಲ್ಲಿ ಕೆಲವು ದೊಡ್ಡ ಸ್ಟೇಷನ್ನುಗಳಿಗೆ ಅವರ ಅಲೆಯ ಮೇಲೆ ರಾತ್ರಿ ಬೇರೆ ಯಾರೂ ಅಡ್ಡ ಬರದ ಹಾಗೆ ಸರ್ಕಾರವೇ ಜಾಗ ಬಿಟ್ಟುಕೊಟ್ಟಿತ್ತು. ದೂರದ ರೈತರಿಗೂ ರೇಡಿಯೋ ಸಿಗಲಿ ಅಂತ ಮಾಡಿದ ವ್ಯವಸ್ಥೆ. ನ್ಯಾಶ್‌ವಿಲ್‌ನ ಡಬ್ಲ್ಯುಎಲ್‌ಎಸಿ ಕೂಡ 50,000 ವ್ಯಾಟಿನದು. ಯುದ್ಧ ಮುಗಿದ ಮೇಲೆ ಅಲ್ಲಿನ ಜೀನ್ ನೋಬಲ್ಸ್ ಅನ್ನುವ ಉದ್ಘೋಷಕನ ಹತ್ತಿರ ಕಪ್ಪು ಕಾಲೇಜು ವಿದ್ಯಾರ್ಥಿಗಳು ಕೆಲವು ರೆಕಾರ್ಡು ತಂದು, ಇದನ್ನು ಹಾಕಿ ಅಂದರು. ಹಾಕಿದ. ಎಲ್ಲೆಲ್ಲಿಂದಲೋ ಕಾಗದ ಬರತೊಡಗಿದವು. ಆಮೇಲೆ ಜಾನ್ ರಿಚ್‌ಬರ್ಗ್ ಬಂದ, ರೇಡಿಯೋದಲ್ಲಿ ಅವನ ಹೆಸರು ಬರೀ ಜಾನ್ ಆರ್. ದಪ್ಪ ಗಂಟಲು. ಕೇಳುವವರಲ್ಲಿ ಎಷ್ಟೋ ಜನ ಅವನು ಕಪ್ಪು ಮನುಷ್ಯ ಅಂತಲೇ ನಂಬಿದ್ದರು, ಅವನು ಬಿಳಿಯ.

ಈ ರಾತ್ರಿ ಕಾರ್ಯಕ್ರಮಗಳ ಖರ್ಚು ಯಾರದ್ದು? ಪಕ್ಕದ ಗ್ಯಾಲಟಿನ್ ಅನ್ನುವ ಸಣ್ಣ ಊರಿನ ರ‍್ಯಾಂಡಿ ವುಡ್ ಅವರ ರೆಕಾರ್ಡು ಅಂಗಡಿಯದ್ದು. ರೇಡಿಯೋದಲ್ಲಿ ಹಾಡು ಕೇಳಿ, ಕಾಗದ ಹಾಕಿ, ನಾಲ್ಕೈದು ರೆಕಾರ್ಡಿನ ಕಟ್ಟು ಅಂಚೆಯಲ್ಲಿ ಮನೆಗೆ ಬರುತ್ತದೆ, ದುಡ್ಡು ಪೋಸ್ಟ್‌ಮ್ಯಾನ್ ಕೈಗೆ. ನಮ್ಮ ವಿಪಿಪಿ ಅಲ್ವಾ ಸ್ವಾಮಿ ಇದು! ಊರಿನ ಅಂಗಡಿಯಲ್ಲಿ ಕಪ್ಪು ಜನರ ರೆಕಾರ್ಡು ಇಡದ ಕಡೆಗೂ ಹೀಗೆ ಹಾಡು ಹೋಯಿತು. ರೆಕಾರ್ಡಿನ ಜೊತೆಗೆ ತಲೆಗೂದಲಿಗೆ ಹಚ್ಚುವ ಎಣ್ಣೆಯ ಜಾಹೀರಾತು, ಮತ್ತೆ ಅಂಚೆಯಲ್ಲಿ ಜೀವಂತ ಕೋಳಿಮರಿ ಕಳಿಸುವವರ ಜಾಹೀರಾತು. ಕೋಳಿಮರಿ ಮತ್ತು ರಾಕ್ ಅಂಡ್ ರೋಲ್! ನಿಮ್ಮ ಲೇಖನದಲ್ಲಿ ಇದೊಂದು ಇದ್ದಿದ್ದರೂ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಅದೇ ರ‍್ಯಾಂಡಿ ವುಡ್ ಮುಂದೆ ಡಾಟ್ ಅಂತ ರೆಕಾರ್ಡು ಕಂಪನಿ ಮಾಡಿ, ಕಪ್ಪು ಹಾಡುಗಾರರ ಹಾಡನ್ನೇ ಪ್ಯಾಟ್ ಬೂನ್ ಅನ್ನುವ ಬಿಳಿಯ ಹುಡುಗನಿಂದ ಮೆತ್ತಗೆ ಹಾಡಿಸಿ ದೊಡ್ಡ ದುಡ್ಡು ಮಾಡಿದರು. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ತೆಗೆದುಕೊಂಡ ಹಾಗೆ ಅಂತ ನನಗನ್ನಿಸುತ್ತದೆ, ವ್ಯಾಪಾರಿಯನ್ನು ಜಾಸ್ತಿ ಹೊಗಳಬಾರದು ಅನ್ನುವುದು ಇದಕ್ಕೇ.

ಈ ರಾತ್ರಿ ಅಲೆಗಳು ಎಲ್ಲೆಲ್ಲಿ ಇಳಿದವು ಅಂತ ನೋಡಿದರೆ ಆಶ್ಚರ್ಯ. ಟೆಕ್ಸಸ್‌ನ ಲಬಕ್ ಊರಿನಲ್ಲಿ ಮುಂದೆ ರಾಕ್ ಅಂಡ್ ರೋಲ್‌ನಲ್ಲಿ ಹೆಸರು ಮಾಡಿದ ಬಡಿ ಹಾಲಿ ಅನ್ನುವ ಹುಡುಗ ರಾತ್ರಿ ಕಾರಿನಲ್ಲಿ ಕೂತು ಕಾರಿನ ರೇಡಿಯೋದಲ್ಲಿ ಶ್ರೀವ್‌ಪೋರ್ಟಿನ ಬ್ಲೂಸ್ ಕೇಳುತ್ತಿದ್ದ, ಸುಮಾರು 800 ಕಿಲೋಮೀಟರ್ ದೂರದಿಂದ. ಇತ್ತ ಕೆನಡಾ ಗಡಿಯ ಹತ್ತಿರ, ಕಬ್ಬಿಣದ ಗಣಿಯ ಹಿಬ್ಬಿಂಗ್ ಊರಿನಲ್ಲಿ, ಬಾಬ್ ಡಿಲನ್ ಆಗುವ ಹುಡುಗನೂ ದಕ್ಷಿಣದ ಅದೇ ಬಗೆಯ ಸ್ಟೇಷನ್ನುಗಳನ್ನು ಹುಡುಕಿ ಕೇಳುತ್ತಿದ್ದ. ಸಮುದ್ರ ದಾಟಿ ಜಮೈಕಾದಲ್ಲೂ ಕೇಳಿದರು, ಅಲ್ಲಿ ಮುಂದೆ ಹುಟ್ಟಿದ ಸ್ಕಾ ಸಂಗೀತದಲ್ಲಿ ಆ ರಾತ್ರಿಗಳ ಋಣ ಇದೆ.

ಉಳಿದ ಸಾಮಾನಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 1949ಕ್ಕೆ ಬಂದ 45 ಆರ್‌ಪಿಎಂನ, ಅಂದರೆ ನಿಮಿಷಕ್ಕೆ 45 ಸುತ್ತು ತಿರುಗುವ, ಸಣ್ಣ ರೆಕಾರ್ಡು ಅಗ್ಗವಾಗಿತ್ತು, ಬಿದ್ದರೆ ಒಡೆಯುತ್ತಿರಲಿಲ್ಲ. ಕಾರಿನಲ್ಲಿ ರೇಡಿಯೋ ಸಾಮಾನ್ಯವಾಯಿತು. 1954ರ ಕೊನೆಗೆ ರೀಜೆನ್ಸಿ ಅನ್ನುವ ಮೊದಲ ಜೇಬಿನ ಟ್ರಾನ್ಸಿಸ್ಟರ್ ಬಂತು. ನಾಲ್ಕೇ ಟ್ರಾನ್ಸಿಸ್ಟರು, ಬೆಲೆ 49.95 ಡಾಲರ್, ಆ ಕಾಲಕ್ಕೆ ದುಬಾರಿಯೇ. ದನಿಯೂ ಹೇಳಿಕೊಳ್ಳುವಂಥದ್ದಲ್ಲ. ಆದರೆ ಹಾಲ್‌ನಲ್ಲಿ ಅಪ್ಪನ ಎದುರು ಕೇಳಬೇಕಾಗಿದ್ದ ರೇಡಿಯೋ ಹುಡುಗರ ದಿಂಬಿನ ಕೆಳಗೆ ಹೋಗುವ ದಾರಿ ತೆರೆದದ್ದು ಅಲ್ಲಿಂದ.

ನಮ್ಮಲ್ಲೂ ಇಂಥದ್ದೇ ನಡೆದಿದೆ ಅನ್ನುವುದು ನಿಮ್ಮ ಓದುಗರಿಗೆ ಗೊತ್ತಿರಲಿ. 1952ರಲ್ಲಿ ಕೇಸ್ಕರ್ ಅವರು ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಮೇಲೆ ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಜಾಗವೇ ಇಲ್ಲದ ಹಾಗಾಯಿತು, ಶಾಸ್ತ್ರೀಯ ಸಂಗೀತವೇ ಸಂಗೀತ ಅಂತ. ಜನ ಏನು ಮಾಡಿದರು? ಮುಳ್ಳನ್ನು ರೇಡಿಯೋ ಸಿಲೋನಿಗೆ, ಅಂದರೆ ಈಗಿನ ಶ್ರೀಲಂಕಾದ ಸ್ಟೇಷನ್ನಿಗೆ, ತಿರುಗಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೀನ್ ಸಯಾನಿ ಅವರ ಬಿನಾಕಾ ಗೀತಮಾಲಾ ಅಲ್ಲಿಂದ ಶುರುವಾಯಿತು, ಖರ್ಚು ಟೂತ್‌ಪೇಸ್ಟ್ ಕಂಪನಿಯದ್ದು. ಆಮೇಲೆ ಸರ್ಕಾರವೇ ದಾರಿಗೆ ಬಂದು 1957ರ ಅಕ್ಟೋಬರ್ 3ಕ್ಕೆ ವಿವಿಧ ಭಾರತಿ ಶುರು ಮಾಡಬೇಕಾಯಿತು. ನಾನು ಅಂಗಡಿ ಹಾಕಿದ ಮೇಲೂ ಸೆಟ್ಟು ತಂದವರು ಹೇಳುತ್ತಿದ್ದುದು ಒಂದೇ, 'ಸಿಲೋನ್ ಚೆನ್ನಾಗಿ ಹಿಡಿಯೋ ಹಾಗೆ ಮಾಡಿಕೊಡಿ.' ಎರಡು ಅಡಿಕೆ ಮರಕ್ಕೆ ತಾಮ್ರದ ತಂತಿ ಎಳೆದು ಏರಿಯಲ್ ಮಾಡಿ, ಇನ್ನೊಂದು ತಂತಿಯನ್ನು ಬಾವಿ ಹತ್ತಿರದ ಒದ್ದೆ ನೆಲಕ್ಕೆ ಇಳಿಸಿ ಅರ್ಥ್ ಕೊಟ್ಟರೆ ಕಾಡಿನ ಮಧ್ಯದ ಒಂಟಿ ಮನೆಯಲ್ಲೂ ಕೊಲಂಬೊ ಮಾತಾಡುತ್ತಿತ್ತು. ಮಳೆಗಾಲದ ಸಿಡಿಲಿಗೆ ಮಾತ್ರ ತಂತಿ ತೆಗೆದಿಡಬೇಕು, ಇಲ್ಲದಿದ್ದರೆ ಮಾರನೇ ದಿನ ಸೆಟ್ಟು ನನ್ನ ಅಂಗಡಿಗೇ.

ಅಮೆರಿಕದ ಈ ಕಾಲ ಹೇಗೆ ಮುಗಿಯಿತು ಅನ್ನುವುದನ್ನೂ ಲೇಖನ ಹೇಳಬೇಕಿತ್ತು. ರೆಕಾರ್ಡು ಕಂಪನಿಗಳು ಉದ್ಘೋಷಕರಿಗೆ ಲಂಚ ಕೊಟ್ಟು ಹಾಡು ಹಾಕಿಸುವುದು ದೊಡ್ಡ ಹಗರಣವಾಯಿತು. 1959ರಲ್ಲಿ ಅಲನ್ ಫ್ರೀಡ್ ನ್ಯೂಯಾರ್ಕಿನ ಕೆಲಸ ಕಳೆದುಕೊಂಡ, 1962ರಲ್ಲಿ ತಪ್ಪೊಪ್ಪಿಕೊಂಡು 300 ಡಾಲರ್ ದಂಡ ಕಟ್ಟಿದ, 1965ರಲ್ಲಿ ತೀರಿಕೊಂಡ. ಕಪ್ಪು ಜನರ ರಾಕ್ ಅಂಡ್ ರೋಲ್ ಹಾಡುಗಾರ ಚಕ್ ಬೆರ್ರಿ ಅವರ ಮೊದಲ ಹಾಡಿನ ಮೇಲೆ ಬರೆದವರಲ್ಲಿ ಒಬ್ಬ ಅಂತ ಅವನ ಹೆಸರೂ ಅಚ್ಚಾಗಿತ್ತು, ಬರೆದದ್ದು ಒಂದಕ್ಷರವೂ ಇಲ್ಲ. ಲಂಚ ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ನೆಪದಲ್ಲಿ ಹಾಡು ಆರಿಸುವ ಅಧಿಕಾರವನ್ನೇ ಉದ್ಘೋಷಕರ ಕೈಯಿಂದ ಕಿತ್ತು ಆಫೀಸಿನವರಿಗೆ ಕೊಟ್ಟರು. ಟಾಪ್ 40 ಅಂತ, ಹೆಚ್ಚು ಓಡುವ 40 ಹಾಡುಗಳ ಪಟ್ಟಿ, ಎಲ್ಲ ಊರಿನಲ್ಲೂ ಅದೇ. ಡ್ಯೂಯಿ ಥರದ ಅರೆಹುಚ್ಚರಿಗೆ ಆ ಪಟ್ಟಿಯಲ್ಲಿ ಜಾಗ ಎಲ್ಲಿ? ಅವನ ಕೆಲಸವಂತೂ 1958ರಲ್ಲೇ ಹೋಗಿತ್ತು.

ಇದನ್ನೆಲ್ಲ ಬರೆದದ್ದಕ್ಕೆ ಒಂದು ಕಾರಣ ಇದೆ. ಶಿವಮೊಗ್ಗ ಸೀಮೆಯಲ್ಲಿ ಕಾಲೇಜುಗಳಿವೆ, ಅಡಿಕೆ ಮಂಡಿಗಳಿವೆ, ಹಾಡುವ ಹುಡುಗರಿದ್ದಾರೆ. ಸಂಘ ಸಂಸ್ಥೆಗಳೂ ಸಮುದಾಯ ರೇಡಿಯೋ ನಡೆಸಬಹುದು ಅಂತ ಕೇಂದ್ರ ಸರ್ಕಾರ 2006ರಲ್ಲೇ ಅನುಮತಿ ಕೊಟ್ಟಿದೆ, 100 ವ್ಯಾಟಿನವರೆಗೆ, ಸ್ವಲ್ಪ ಜಾಹೀರಾತನ್ನೂ ಹಾಕಿಕೊಳ್ಳಬಹುದು. ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬರೀ 30 ವ್ಯಾಟಿನಲ್ಲಿ ಆಕಾಶವಾಣಿ ಅಂತ ಹೆಸರಿಟ್ಟು ಶುರು ಮಾಡಿದ್ದರು. ನಮ್ಮ ಗುಡ್ಡಗಳಲ್ಲಿ ಎಫ್‌ಎಂ ಒಂದು ತಿರುವು ದಾಟಿದರೆ ಸಿಗುವುದಿಲ್ಲ, ಆ ತೊಂದರೆ ನನಗೆ ಗೊತ್ತು. ಅದಕ್ಕೇ ಇರುವ ಮೀಡಿಯಂ ವೇವ್ ಅನ್ನು ಹಳೆಯದು ಅಂತ ಬಿಡಬೇಡಿ ಅಂತಲೂ ನಾನು ಕೇಳುವುದು. ರಾತ್ರಿ ಒಂದು ಗಂಟೆಯನ್ನು ಊರಿನ ಯಾರಾದರೂ ಒಬ್ಬ ಹಾಡಿನ ಹುಚ್ಚನಿಗೆ ಕೊಡಿ, ಪಟ್ಟಿ ಕೊಡಬೇಡಿ, ಏನು ಹಾಕಬೇಕು ಅಂತ ಅವನೇ ನೋಡಿಕೊಳ್ಳಲಿ. ಜಾಹೀರಾತಿಗೆ ಗೊಬ್ಬರದ ಅಂಗಡಿಯವರು, ಅಡಿಕೆ ಕೊಯ್ಯುವ ದೋಟಿ ಮಾರುವವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ನಿಮ್ಮ ಪತ್ರಿಕೆ ಇದರ ಬಗ್ಗೆ ಒಂದು ಬರಹ ಹಾಕಿದರೆ ಸಂತೋಷ.

ಇನ್ನೊಂದು ಸಣ್ಣ ವಿಷಯ. ಲೇಖನದ ಜೊತೆ '1954ರ ರೇಡಿಯೋ' ಅಂತ ಒಂದು ಚಿತ್ರ ಹಾಕಿದ್ದೀರಿ. ಅದು ಟೂ-ಇನ್-ಒನ್, ಕ್ಯಾಸೆಟ್ ಹಾಕುವ ಬಾಗಿಲು ಎದುರಿಗೇ ಕಾಣುತ್ತದೆ. ಕ್ಯಾಸೆಟ್ ಹುಟ್ಟಿದ್ದೇ 1963ಕ್ಕೆ. ಮುಂದಿನ ಸಲ ಚಿತ್ರ ಬೇಕಿದ್ದರೆ ನಮ್ಮ ಅಟ್ಟದಲ್ಲಿ ಆ ಕಾಲದ ವಾಲ್ವ್ ಸೆಟ್ಟು ಇದೆ, ಮರದ ಪೆಟ್ಟಿಗೆಯದ್ದು, ಮುಳ್ಳು ಸ್ವಲ್ಪ ಸಿಕ್ಕಿಕೊಳ್ಳುತ್ತದೆ ಅನ್ನುವುದು ಬಿಟ್ಟರೆ ಸರಿಯಾಗಿದೆ. ನಿಮ್ಮ ಫೋಟೋಗ್ರಾಫರ್ ಬರಲಿ. ಬೆಳಗ್ಗೆ ಬಂದರೆ ಒಳ್ಳೆಯದು, ಮಧ್ಯಾಹ್ನದ ಮೇಲೆ ಇಲ್ಲಿ ಕರೆಂಟು ನಂಬೋಕಾಗಲ್ಲ.

ಇತಿ,
ರೇಡಿಯೋ ರಿಪೇರಿ ಬಿಟ್ಟರೂ ರೇಡಿಯೋ ಬಿಡದ ಒಬ್ಬ ಓದುಗ,
ತೀರ್ಥಹಳ್ಳಿ